ಹಿತ್ತಲಿಗೆ ಹರಿದ ಕೆಂಪು ಬೆಳಕು

ನಮ್ಮೂರಿನಲ್ಲಿ ಸಂಜೆ ಹಚ್ಚಿದ ಬೆಳಕನ್ನು ಬೆಳಿಗ್ಗೆ ಎದ್ದು ಗುಡಿಸಬೇಕು. ಬಿಸಿಲಿನ ತಕರಾರಿಲ್ಲ. ಅದು ತಾನಾಗಿ ಬರುತ್ತದೆ, ಹೊತ್ತು ಇಳಿದಾಗ ತಾನಾಗಿ ಎದ್ದು ಹೋಗುತ್ತದೆ. ಹಚ್ಚಿದ ಬೆಳಕು ಹಾಗಲ್ಲ. ಸ್ವಿಚ್ಚು ಆರಿಸಿದ ಮೇಲೂ ನೆಲದ ಮೇಲೆ ಉಳಿದುಬಿಡುತ್ತದೆ. ಟ್ಯೂಬ್‌ಲೈಟಿನದು ಅಕ್ಕಿಹಿಟ್ಟಿನ ಹಾಗೆ, ಪೊರಕೆಯಲ್ಲಿ ಒಂದು ಎಳೆತ ಎಳೆದರೆ ಮೊರಕ್ಕೆ ಬರುತ್ತದೆ. ದೇವರಮನೆಯ ಎಣ್ಣೆದೀಪದ್ದು ಜಿಡ್ಡು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಏಳು ಗಂಟೆಗೆ ಪುರಸಭೆಯ ಗಾಡಿ ಗಂಟೆ ಬಾರಿಸಿಕೊಂಡು ಬರುವಷ್ಟರಲ್ಲಿ ಎಲ್ಲರೂ ಮೊರ ಹಿಡಿದು ಬಾಗಿಲಲ್ಲಿ ನಿಂತಿರಬೇಕು. ಎರಡು ದಿನ ಸೋಮಾರಿತನ ಮಾಡಿದರೆ ಹಿಮ್ಮಡಿ ಮುಳುಗುತ್ತದೆ, ಮೂರನೆಯ ದಿನ ಮನೆಯಲ್ಲಿ ಯಾರಿಗೂ ಕಣ್ಣು ಮುಚ್ಚಲಾಗುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು ಮಂಚದ ಕೆಳಗೆ ಬಗ್ಗಿ ನೋಡುತ್ತಾರೆ. ಇಷ್ಟರ ಮೇಲೆ ಕಟ್ಟಳೆ ಒಂದೇ: ನಿಮ್ಮ ಬೆಳಕನ್ನು ಪಕ್ಕದವರ ಜಾಗಕ್ಕೆ ತಳ್ಳಕೂಡದು. ಗೋಡೆ ಒತ್ತಿದ ಜಗಳ, ನಲ್ಲಿ ನೀರಿನ ಜಗಳ ನಮ್ಮೂರಿನಲ್ಲಿ ಒಂದು ಹಬ್ಬಕ್ಕೆ ಮರೆತುಹೋಗುತ್ತವೆ. ಬೆಳಕು ತಳ್ಳಿದ ಜಗಳ ಮೊಮ್ಮಕ್ಕಳವರೆಗೆ ನಡೆಯುತ್ತದೆ.

ನಾನು ರುದ್ರಾಣಿ. ಬಡಗಿ ಬೀದಿಯಲ್ಲಿ ರವಿಕೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಅದರ ಹಿಂದಿನ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನನ್ನ ಹೊಲಿಗೆಗೆ ಹೆಸರಿದೆ. ಗಿರಾಕಿಗಳು ಅಳತೆಗೆಂದು ಹಳೆಯ ರವಿಕೆಯೊಂದನ್ನು ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಾರೆ, ನಾನು ಅದನ್ನು ನೋಡಿಕೊಂಡೇ ಕಂಕುಳಲ್ಲಿ ಒಂದು ಸುಕ್ಕು ಬಾರದ ಹಾಗೆ ತೋಳು ಕೂರಿಸುತ್ತೇನೆ. ನನ್ನ ಮುಖಕ್ಕೂ ಹೆಸರಿತ್ತು, ಅದು ಬೇರೆ ತರಹದ್ದು. ಹದಿನೈದಕ್ಕೆ ಶುರುವಾದ ಮೊಡವೆ ಮೂವತ್ತೆರಡಾದರೂ ಬಿಟ್ಟಿರಲಿಲ್ಲ. ಸಂತೆ ದಿನದ ಬಸ್ಸಿನ ಸೀಟಿನ ಹಾಗೆ, ಒಂದು ಏಳುವ ಮೊದಲೇ ಇನ್ನೊಂದು ಟವೆಲ್ಲು ಹಾಕಿ ಜಾಗ ಹಿಡಿದಿರುತ್ತಿತ್ತು. ಕಡಲೆಹಿಟ್ಟು ಆಯಿತು, ಕಸ್ತೂರಿ ಅರಿಶಿನ ಆಯಿತು, ಬೇವಿನ ಚಿಗುರು ಆಯಿತು. ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟು ಹಚ್ಚಿಕೊಂಡು ಒಂದು ವಾರ ಕೆನ್ನೆ ಉರಿಸಿಕೊಂಡೆ. ಉಷ್ಣ ಉಷ್ಣ ಎಂದು ಅಮ್ಮ ಮೊದಲು ಕಡಲೆಕಾಯಿ ಬಿಡಿಸಿದಳು, ಆಮೇಲೆ ಮಾವಿನಹಣ್ಣು, ಆಮೇಲೆ ಬದನೆಕಾಯಿ. ಒಂದು ವರ್ಷ ನಾನು ಬದುಕಿದ್ದೇ ಹೀರೇಕಾಯಿಯ ಮೇಲೆ.

ಕೊನೆಗೆ ಯಾರಿಗೂ ಹೇಳದೆ ಎರಡು ಗಂಟೆ ಬಸ್ಸಿನಲ್ಲಿ ಕುಳಿತು ಆಚೆಯ ಊರಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ನನಗಿಂತ ಚಿಕ್ಕವರು. ಮಸೂರದಲ್ಲಿ ನನ್ನ ಮುಖವನ್ನು ನಕ್ಷೆ ಓದುವ ಹಾಗೆ ಓದಿದರು. ಮುಲಾಮು ಬರೆದುಕೊಟ್ಟರು. ಮೊದಲೇ ತೋರಿಸಬಾರದಿತ್ತಾ ಎಂದು ಬೈಯಲಿಲ್ಲ, ಅದೇ ನನಗೆ ಅರ್ಧ ವಾಸಿಯಾದಂತೆ ಅನ್ನಿಸಿತು. ಪತ್ರಿಕೆಯಲ್ಲಿ ಓದಿದ್ದ ಕೆಂಪು ದೀಪದ ಮುಖವಾಡದ ಬಗ್ಗೆ ಕೇಳಿದೆ.

"ಮನೇಲೇ ಹಾಕ್ಕೋಬಹುದು. ಉರಿ, ಊತ ಸ್ವಲ್ಪ ತಗ್ಗುತ್ತೆ. ಪವಾಡ ಏನೂ ಅಲ್ಲ. ಹಳೇ ಗುಳಿಗಳು ಅದ್ರಿಂದ ತುಂಬಲ್ಲ. ಕಣ್ಣಿಗೆ ಕಪ್ಪು ಕನ್ನಡಕ ಹಾಕ್ಕೊಂಡು ದಿನಕ್ಕೆ ಹತ್ತು ನಿಮಿಷ, ಮೂರು ತಿಂಗಳು. ಮುಲಾಮು ಮಾತ್ರ ಬಿಡಬೇಡಿ."

"ಜಾಸ್ತಿ ಹೊತ್ತು ಹಾಕ್ಕೊಂಡ್ರೆ ಬೇಗ ಹೋಗುತ್ತಾ ಡಾಕ್ಟ್ರೇ?"

"ಹತ್ತು ನಿಮಿಷ ಅಂದೆ," ಎಂದರು ಅವರು.

ಮುಖವಾಡ ಅಂಚೆಯಲ್ಲಿ ಬಂತು. ಬೆಳ್ಳಗೆ, ಕಣ್ಣಿಗೂ ಬಾಯಿಗೂ ತೂತು ಬಿಟ್ಟು, ಒಳಗಡೆ ಸಾಸಿವೆಯಂಥ ನೂರಾರು ದೀಪಗಳು. ದೀಪ ಹಚ್ಚುವ ಹೊತ್ತಿಗೆ ನಾನು ಮುಖ ತೊಳೆದು, ಕನ್ನಡಕ ಇಟ್ಟು, ಅದನ್ನು ಕಟ್ಟಿಕೊಂಡು ಹಿಂದಿನ ಕೋಣೆಯಲ್ಲಿ ಕುರ್ಚಿಗೆ ಒರಗಿದ್ದೆ. ಅಮ್ಮ ಒಲೆ ಮೇಲೆ ಸಾರಿಟ್ಟು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

"ಯಾವ ನಾಟಕ?" ಎಂದಳು.

"ನಾಟಕ ಅಲ್ಲಮ್ಮ. ಮೊಡವೆಗೆ."

"ಮೊಡವೆನ ಹೆದರಿಸಿ ಓಡಿಸೋದಾ?" ಎಂದು ಹೇಳಿ ಸಾರು ನೋಡಲು ಹೋದಳು.

ಮುಖವಾಡದ ಜೊತೆ ಹದಿನಾರು ಪುಟದ ಕೈಪಿಡಿ ಇತ್ತು. ಅದರಲ್ಲಿ ಗುಡಿಸುವ ವಿಷಯ ಒಂದು ಸಾಲೂ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕುರ್ಚಿಯ ಸುತ್ತ ಕೆಂಪು ಬೆಳಕು ರಾಗಿ ಅಂಬಲಿಯ ಹದಕ್ಕೆ ಗಟ್ಟಿಯಾಗಿ, ಬೆಚ್ಚಗೆ ನಿಂತಿತ್ತು. ಪೊರಕೆ ಹಾಕಿದರೆ ಕಡ್ಡಿಗಳ ಸಂದಿಯಿಂದ ನುಸುಳಿಕೊಂಡು ಹಿಂದಕ್ಕೇ ಬರುತ್ತಿತ್ತು. ಮೊರಕ್ಕೆ ಏರಲಿಲ್ಲ. ಗಾಡಿಯ ಗಂಟೆ ಕೇಳಿಸಿತು, ಹೋಗಿಯೂ ಬಿಟ್ಟಿತು. ಅಂಗಡಿಗೆ ಗಿರಾಕಿ ಬರುವ ಹೊತ್ತು. ಬೇರೆ ದಾರಿ ಕಾಣದೆ ಎರಡು ಚೊಂಬು ನೀರು ಹಾಕಿ ತಳ್ಳಿದೆ. ಬೆಳಕು ಹಸುವಿನ ಹಾಗೆ ಸಾಧುವಾಗಿ ಎದ್ದು ನಡೆದು, ಗೋಡೆಯ ಬುಡದಲ್ಲಿ ನೀರು ಹೋಗಲು ಬಿಟ್ಟಿದ್ದ ಕಂಡಿಯೊಳಗೆ ಇಳಿದುಹೋಯಿತು. ಆ ಕಂಡಿ ಪಕ್ಕದ ಮನೆಯ ಸರ್ವಮಂಗಳಮ್ಮನ ಹಿತ್ತಲಿಗೆ ಬೀಳುತ್ತದೆ.

ಮೊದಲನೆಯ ದಿನ ನನಗೆ ಅದು ಹೊಳೆಯಲಿಲ್ಲ. ಎರಡನೆಯ ದಿನ ಹೊಳೆದಿತ್ತು. ಆದರೂ ನೀರು ಹಾಕಿದೆ. ನಿಜ ಹೇಳಬೇಕೆಂದರೆ ಅರ್ಧ ಚೊಂಬು ಜಾಸ್ತಿಯೇ ಹಾಕಿದೆ.

ಸರ್ವಮಂಗಳಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಊರಿನ ಅರ್ಧಕ್ಕರ್ಧ ಹೆಂಗಸರಿಗೆ ಮಗ್ಗಿ ಕಲಿಸಿದವರು, ನನಗೂ ಕಲಿಸಿದ್ದರು. ಒಂಟಿ ಜೀವ. ಬೆನ್ನು ಈಗಲೂ ಅಡಿಕೋಲಿನಂತೆ ನೆಟ್ಟಗೆ. ನನಗೆ ಇಪ್ಪತ್ತೊಂದಾಗಿದ್ದಾಗ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ನಾಲ್ಕು ಜನ ನಮ್ಮ ಮನೆ ಯಾವುದೆಂದು ಕೇಳಲು ಅವರ ಗೇಟಿನ ಹತ್ತಿರ ನಿಂತರು. ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಅವರು ಏನೋ ಕೇಳಿದರು, ಇವರು ಏನೋ ಹೇಳಿದರು, ಆ ನಾಲ್ಕು ಜನ ಬಂದ ದಾರಿಯಲ್ಲೇ ತಿರುಗಿ ನಡೆದರು. ಮಾಡಿದ ಕೇಸರಿಬಾತನ್ನು ಮೂರು ದಿನ ನಾವೇ ತಿಂದೆವು. ಏನು ಹೇಳಿದಿರಿ ಎಂದು ಅಮ್ಮನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಅಂದಿನಿಂದ ಎರಡು ಮನೆಗೆ ಮಾತಿಲ್ಲ. ಮಾತಿಲ್ಲ ಎಂದರೆ ನೇರ ಮಾತಿಲ್ಲ. ಹೇಳುವುದೇನಾದರೂ ಇದ್ದರೆ ಅಮ್ಮ ಒಗೆಯುವ ಕಲ್ಲಿಗೆ ಹೇಳುತ್ತಿದ್ದಳು: "ಕೆಲವ್ರ ಮನೆ ನುಗ್ಗೇ ಎಲೆ ನಮ್ಮ ಅಂಗಳಕ್ಕೇ ಬೀಳ್ಬೇಕು, ನೋಡು." ಸರ್ವಮಂಗಳಮ್ಮ ತಮ್ಮ ದಾಸವಾಳದ ಗಿಡಕ್ಕೆ ಉತ್ತರ ಕೊಡುತ್ತಿದ್ದರು: "ಗಾಳಿಗೆ ಕನ್ನಡ ಬಂದಿದ್ರೆ ನಾನೇ ಹೇಳ್ತಿದ್ದೆ." ಹನ್ನೊಂದು ವರ್ಷ ಕಲ್ಲೂ ದಾಸವಾಳವೂ ಚೆನ್ನಾಗಿ ಸಂಸಾರ ಮಾಡಿದವು.

ಒಂಬತ್ತು ದಿನ ನನ್ನ ಕೆಂಪು ಬೆಳಕು ಅವರ ಹಿತ್ತಲಿಗೆ ಹರಿಯಿತು. ಹತ್ತನೆಯ ದಿನ ಪುರಸಭೆಯ ಬೆಳಕಿನ ಮೇಸ್ತ್ರಿ ಸಣ್ಣೀರಪ್ಪ ಬಂದ. ಕೈಯಲ್ಲಿ ಅಳತೆಯ ಮರದ ಪಟ್ಟಿ, ಕಂಕುಳಲ್ಲಿ ದೂರಿನ ಕಾಗದ. ದೂರು ಎರಡು ಪುಟ, ಮಾರ್ಜಿನ್ ಬಿಟ್ಟು ದುಂಡಗೆ ಬರೆದದ್ದು. ಸಣ್ಣೀರಪ್ಪ ನನ್ನನ್ನೂ ಕರೆದುಕೊಂಡು ಅವರ ಹಿತ್ತಲಿಗೆ ಹೋದ. ನುಗ್ಗೆಮರದ ಬುಡದಿಂದ ಬಾವಿಕಟ್ಟೆಯವರೆಗೆ ಕೆಂಪು ಹರಡಿಕೊಂಡು ಸಣ್ಣಗೆ ಮಿನುಗುತ್ತಿತ್ತು. ಅವನು ಪಟ್ಟಿ ಇಳಿಸಿ ನೋಡಿದ.

"ನಾಲ್ಕು ಬೆಳ್ಳು ಆಳ. ನೋಟೀಸು ಕೊಡ್ಲೇಬೇಕಾಯ್ತದೆ ರುದ್ರಾಣಮ್ಮ," ಎಂದ.

ಅಷ್ಟರಲ್ಲಿ ಸರ್ವಮಂಗಳಮ್ಮ ಒಳಗಿನಿಂದ ಬಂದರು. ಒಂಬತ್ತು ದಿನವೂ ಅವರು ಬೆಳಿಗ್ಗೆ ಹೊತ್ತು ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ಕೆಂಪಿನೊಳಗೆ ನಿಂತು, ತಗಡಿನ ಹಲಗೆಯಲ್ಲಿ ಅದನ್ನು ಬೀದಿಗೆ ತಳ್ಳಲು ಹೋರಾಡಿದ್ದರು. ಸಣ್ಣೀರಪ್ಪ ಅವರನ್ನು ನೋಡಿದವನು ಪಟ್ಟಿ ಕೆಳಗಿಟ್ಟ. ನಾನೂ ನೋಡಿದೆ. ಎಪ್ಪತ್ತು ದಾಟಿದ ಮುಖ ಆಗಷ್ಟೇ ಎಣ್ಣೆಸ್ನಾನ ಮಾಡಿ ಎದ್ದ ಹಾಗೆ ಹದವಾಗಿತ್ತು. ಮೂಗಿನ ಎರಡು ಕಡೆ ಇದ್ದ ಸಿಡುಕಿನ ಗೆರೆಗಳು ಮಾತ್ರ ಹಾಗೇ ಇದ್ದವು. ಅವು ಚರ್ಮದ ಗೆರೆಗಳಲ್ಲವಲ್ಲ.

"ಮೇಡಂ, ಊರಿಂದ ತಂಗಿಯೇನಾರ ಬಂದವ್ರಾ?" ಎಂದ ಸಣ್ಣೀರಪ್ಪ. ಅವನು ತಮಾಷೆ ಮಾಡುವ ಜಾತಿಯವನಲ್ಲ. ಅವನಿಗೆ ನಿಜವಾಗಿಯೂ ಅನುಮಾನ ಬಂದಿತ್ತು.

ಸರ್ವಮಂಗಳಮ್ಮ ಒಳಗೆ ಹೋದರು. ಕನ್ನಡಿ ನೋಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ಹೊರಗೆ ಬಂದರು. ಸಣ್ಣೀರಪ್ಪನ ಕಂಕುಳಿಂದ ದೂರಿನ ಕಾಗದ ಎಳೆದುಕೊಂಡರು.

"ಇದ್ರಲ್ಲಿ ಒಂದು ಕಾಗುಣಿತ ತಪ್ಪಿದೆ. ತಿದ್ದಿ ಕೊಡ್ತೀನಿ."

"ಯಾವಾಗ ಮೇಡಂ?"

"ತಿದ್ದಿದ ಮೇಲೆ," ಎಂದರು. ಆ ಕಾಗದ ಮತ್ತೆ ಪುರಸಭೆಯ ಮುಖ ನೋಡಲಿಲ್ಲ.

ಸಣ್ಣೀರಪ್ಪ ಮನೆಗೆ ಹೋಗಿ ಹೆಂಡತಿಗೆ ಹೇಳಿರಬೇಕು. ಆ ವಾರ ನಮ್ಮ ಬೀದಿಯ ಹೆಂಗಸರಿಗೆಲ್ಲ ನುಗ್ಗೇಸೊಪ್ಪಿನ ಮೇಲೆ ಪ್ರೀತಿ ಹುಟ್ಟಿತು. ಒಬ್ಬೊಬ್ಬರೇ ಸೊಪ್ಪು ಕೇಳುವ ನೆಪದಲ್ಲಿ ಹಿತ್ತಲಿಗೆ ಬಂದು ಕೆಂಪಿನೊಳಗೆ ಕಾಲಿಟ್ಟು ನಿಂತರು, ಬೊಗಸೆಯಲ್ಲಿ ತೆಗೆದು ಕೆನ್ನೆಗೆ ಸವರಿಕೊಂಡರು. ಗದ್ದಲ ಶುರುವಾದಾಗ ಸರ್ವಮಂಗಳಮ್ಮ ಅದನ್ನು ಶಾಲೆ ಮಾಡಿಬಿಟ್ಟರು. ಬೆಳಿಗ್ಗೆ ಎಂಟಕ್ಕೆ ಹಾಜರಿ. ಎರಡು ಸಾಲು. ಕಣ್ಣಿಗೆ ಒದ್ದೆ ಬಟ್ಟೆ. ಹಿತ್ತಾಳೆ ಗಂಟೆ ಬಾರಿಸಿದರೆ ಶುರು, ಹತ್ತು ನಿಮಿಷಕ್ಕೆ ಮತ್ತೆ ಬಾರಿಸಿದರೆ ಬಿಡಬೇಕು. ತಡವಾಗಿ ಬಂದವರು ಬಾವಿಕಟ್ಟೆಯ ಹತ್ತಿರ ತೆಳ್ಳಗಿರುವ ಕಡೆ ನಿಲ್ಲಬೇಕು. ಐದು ವಾರದಲ್ಲಿ ಹದಿನಾರು ಹೆಂಗಸರಾದರು. ನೆಲ್ಲಿಕಾಯಿ ವ್ಯಾಪಾರದ ದೇವೀರಮ್ಮನ ಹಣೆಯ ಮೇಲಿದ್ದ ಗುಳ್ಳೆಗಳು ಮಾಯವಾದವು. ಹಿಟ್ಟಿನ ಗಿರಣಿಯ ಪುಟ್ಟಲಿಂಗಮ್ಮ, ಬೆಳಿಗ್ಗೆ ಹಿಟ್ಟು ಮೆತ್ತಿಕೊಂಡಿದ್ದರೂ ಕೆಳಗಿನಿಂದ ಫಳಫಳ ಹೊಳೆಯುತ್ತಿದ್ದಳು.

ನನ್ನ ಮುಖ ಮಾತ್ರ ಇದ್ದ ಹಾಗೇ ಇತ್ತು. ದಿನಾ ಸಂಜೆ ಕುರ್ಚಿಗೆ ಒರಗುವವಳು ನಾನು, ಮುಲಾಮು ಹಚ್ಚುವವಳು ನಾನು. ಬೆಳಿಗ್ಗೆ ಗೋಡೆಯಾಚೆ ಹದಿನಾರು ಜನ ಕಣ್ಣು ಮುಚ್ಚಿ ನನ್ನ ಬೆಳಕಿನಲ್ಲಿ ಮುಖ ತೊಳೆಯುತ್ತಿದ್ದರು. ಅವರಲ್ಲಿ ಒಬ್ಬರೂ ಒಂದು ದಿನ ಗೋಡೆಯ ಈಚೆ ಬಗ್ಗಿ, ಹೇಗಿದ್ದೀಯ ಎಂದು ಕೇಳಲಿಲ್ಲ. ಅಮ್ಮ ಕಲ್ಲಿಗೆ ಹೇಳಿದಳು: "ಅಟ್ಟೋಳು ಒಬ್ಳು, ಉಂಡೋರು ಊರೆಲ್ಲ." ದಾಸವಾಳದ ಕಡೆಯಿಂದ ಉತ್ತರ ಬರಲಿಲ್ಲ.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬುದ್ಧಿ ಹೋಯಿತು. ಹತ್ತು ನಿಮಿಷಕ್ಕೆ ಇಷ್ಟಾದರೆ ನಲವತ್ತಕ್ಕೆ ಎಷ್ಟಾಗಬಹುದು ಎಂದು ಲೆಕ್ಕ ಹಾಕಿದೆ. ಬೆಳಿಗ್ಗೆ ನಲವತ್ತು, ಮಧ್ಯಾಹ್ನ ಅಂಗಡಿ ಮುಚ್ಚಿ ನಲವತ್ತು, ಸಂಜೆ ನಲವತ್ತು. ಜೊತೆಗೆ ಮುಲಾಮನ್ನು ಚಪಾತಿಗೆ ಬೆಣ್ಣೆ ಹಚ್ಚುವ ಹಾಗೆ ಹಚ್ಚಿದೆ. ನಾಲ್ಕನೆಯ ದಿನ ಮುಖ ಒಣಗಿ ಬಿಗಿಯಿತು. ಆರನೆಯ ದಿನ ಕೆನ್ನೆ ಹಳೆಯ ಸುಣ್ಣದ ಗೋಡೆಯಂತೆ ಹೊಪ್ಪಳಿಕೆ ಎದ್ದು ಉರಿಯತೊಡಗಿತು. ನಕ್ಕರೆ ನೋವು. ಅದೃಷ್ಟಕ್ಕೆ ನಗುವಂಥದ್ದೇನೂ ಇರಲಿಲ್ಲ. ಮುಖವಾಡವನ್ನು ಪೆಟ್ಟಿಗೆಗೆ ಹಾಕಿ, ಅಂಗಡಿಯ ಬಾಗಿಲು ಎಳೆದುಕೊಂಡು, ಹಣೆಗೆ ಒದ್ದೆ ಬಟ್ಟೆ ಹಾಕಿ ಮಲಗಿದೆ.

ಹಿತ್ತಲಿನಲ್ಲಿ ಕೆಂಪು ದಿನೇ ದಿನೇ ಬತ್ತಿತು. ನಾಲ್ಕನೆಯ ಬೆಳಿಗ್ಗೆ ಗಂಟೆ ಹೊಡೆಯಿತು, ಸ್ವಲ್ಪ ಹೊತ್ತು ಗುಸುಗುಸು ಕೇಳಿಸಿತು, ಆಮೇಲೆ ಹೆಂಗಸರು ಬರಿಗಾಲಿನಲ್ಲಿ ಬರಿ ನೆಲದ ಮೇಲೆ ನಡೆದು ಮನೆಗೆ ಹೋದದ್ದು ಕೇಳಿಸಿತು. ಅಮ್ಮ ಗಿರಣಿಗೆ ಹೋಗಿದ್ದಳು. ಯಾರೋ ಮುಂಬಾಗಿಲು ತಟ್ಟಿದರು. ಗಿರಾಕಿ ಇರಬೇಕೆಂದು ಸೆರಗನ್ನು ಮುಖಕ್ಕೆ ಎಳೆದುಕೊಂಡು ತೆರೆದೆ. ಸರ್ವಮಂಗಳಮ್ಮ ನಿಂತಿದ್ದರು. ಹನ್ನೊಂದು ವರ್ಷದಲ್ಲಿ ಅವರು ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು.

"ಸೆರಗು ತೆಗಿ," ಎಂದರು.

ತೆಗೆದೆ. ಮೂವತ್ತೆರಡು ವರ್ಷವಾಗಿದ್ದರೂ ಅವರು ಹೇಳಿದರೆ ಕೈ ತಾನಾಗಿ ಏಳುತ್ತದೆ.

"ಡಾಕ್ಟ್ರು ಎಷ್ಟು ನಿಮಿಷ ಹೇಳಿದ್ರು?"

"ಹತ್ತು."

"ನೀನು ಎಷ್ಟು ಹಾಕ್ಕೊಂಡೆ?"

"ನಲವತ್ತು."

"ದಿನಕ್ಕೆ ಎಷ್ಟು ಸಲ?"

ನಾನು ಮೂರು ಬೆರಳು ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. "ನಲವತ್ ಮೂರ್ಲಿ ನೂರಿಪ್ಪತ್ತು. ಹತ್ತು ಇರೋ ಕಡೆ ನೂರಿಪ್ಪತ್ತು. ಹನ್ನೆರಡು ಪಟ್ಟು ರುದ್ರಾಣಿ. ಸಾರಿಗೆ ಹನ್ನೆರಡು ಪಟ್ಟು ಉಪ್ಪು ಹಾಕ್ತೀಯಾ? ಅಂಗೈಯಗಲ ಬಟ್ಟೆ ಕತ್ತರಿಸೋವಾಗ ಹನ್ನೆರಡು ಸಲ ಕತ್ತರಿ ಆಡಿಸ್ತೀಯಾ?" ಹಾಗೆ ಬೈಯುತ್ತಲೇ ಒಳಗೆ ಬಂದು, ಹೊಲಿಗೆಯಂತ್ರದ ಸ್ಟೂಲಿನ ಮೇಲೆ ಕುಳಿತು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಅಮ್ಮ ಮತ್ತು ಡಾಕ್ಟರನ್ನು ಬಿಟ್ಟರೆ ಎಷ್ಟೋ ವರ್ಷದಿಂದ ಯಾರೂ ನನ್ನ ಮುಖ ಮುಟ್ಟಿರಲಿಲ್ಲ. ಅದಕ್ಕೋ ಏನೋ, ಬಾಯಿಗೆ ಬಂದೇಬಿಟ್ಟಿತು.

"ಟೀಚರ್, ಅವತ್ತು ಗೇಟಿನ ಹತ್ರ ಅವ್ರಿಗೆ ಏನು ಹೇಳಿದ್ರಿ?"

ಅವರು ಗಲ್ಲ ಬಿಟ್ಟರು. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಆ ಹುಡುಗ ನಮ್ಮ ತಂಗಿ ಇದ್ದ ಬೀದಿಯೋನು. ನಾನು ರಜಕ್ಕೆ ಹೋದಾಗೆಲ್ಲ ನೋಡಿದೀನಿ. ಇಪ್ಪತ್ತಾರು ವರ್ಷದ ಗಂಡ್ಸು, ಅವನ ಕೋಣೇಲಿ ಬೆಳಕು ಮೊಳಕಾಲವರೆಗೆ. ಅವನಮ್ಮ ಹೊರಗಡೆ ನಿಂತು ಸೌಟಿನಲ್ಲಿ ಊಟ ನೀಡೋಳು. ಕೆಲ್ಸ ಇಲ್ಲ, ಬಾಯಿ ಜೋರು, ಅವ್ರಮ್ಮಂಗೇ ಕೈ ಎತ್ತಿದ್ದ. ಆ ಮನೆಗೆ ನೀನು ಹೋಗಿ ಜೀವಮಾನ ಗುಡಿಸ್ಬೇಕಾ ಅನ್ನಿಸ್ತು. ನಿಮ್ಮ ಹುಡುಗ ಸರಿ ಇಲ್ಲ ಅಂತ ಅವ್ರ ಮುಖಕ್ಕೇ ಹೇಳೋಕಾಗುತ್ತಾ? ಅವ್ರು ನಿನ್ನ ಮುಖದ ಬಗ್ಗೆ ಕೇಳಿದ್ರು. ಹೌದು, ಅದು ಅಂಟು ಅಂದೆ."

"ಅಂಟು?"

"ಅಂಟುರೋಗ. ಮುಟ್ಟಿದೋರಿಗೆ ಬರುತ್ತೆ ಅಂದೆ. ಆಗ ಹೋದ್ರು."

ನಾನು ಗೋಡೆಗೆ ಆನಿಕೊಂಡೆ. ಕಟ್ಟೆಯ ಮೇಲೆ ಏಳೆಂಟು ಹಳೆಯ ರವಿಕೆಗಳು ಬಿದ್ದಿದ್ದವು. ಬೇರೆ ಊರಿನ ದರ್ಜಿಗಳು ಟೇಪು ಹಿಡಿದು ಮೈ ಅಳತೆ ತೆಗೆಯುತ್ತಾರೆ. ನಮ್ಮೂರಿನವರು ಯಾಕೆ ಹಳೆಯ ರವಿಕೆ ತಂದು ಕಟ್ಟೆಯ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಮಾತಾಡುತ್ತಾರೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅದು ಇಲ್ಲಿಯ ಪದ್ಧತಿ ಎಂದುಕೊಂಡಿದ್ದೆ. ಆ ನಾಲ್ಕು ಜನ ಬಸ್ಸು ಹತ್ತುವ ಮೊದಲು ಹೋಟೆಲಿನಲ್ಲಿ ಕಾಫಿ ಕುಡಿದಿದ್ದರು ಎಂದು ಯಾರೋ ಹೇಳಿದ್ದು ನನಗೆ ನೆನಪಿತ್ತು. ಹೋಟೆಲಿನಲ್ಲಿ ಹೇಳಿದ ಮಾತು ಊರಿಗೆ ತಲುಪಲು ಎಷ್ಟು ಹೊತ್ತು.

"ನಂಗೆ ಆ ಹುಡುಗ ಬೇಕೋ ಬೇಡ್ವೋ ಅಂತ ನನ್ನ ಕೇಳಿದ್ರಾ?" ಎಂದೆ.

"ಇಲ್ಲ."

"ನೀವು ಬಿಡಿಸಿದ್ದು ಒಂದು ಮನೆ ಟೀಚರ್. ನನ್ನನ್ನ ಊರೇ ಬಿಟ್ಬಿಡ್ತು."

ಅವರು ತಲೆ ಎತ್ತಲಿಲ್ಲ. "ಗೊತ್ತಾಯ್ತು. ಒಂದು ವರ್ಷದಲ್ಲೇ ಗೊತ್ತಾಯ್ತು. ಹೇಳೋಣ ಅಂತ ಎಷ್ಟೋ ಸಲ ಹಿತ್ತಲಿಗೆ ಬಂದೆ. ನಿಮ್ಮಮ್ಮ ಕಲ್ಲಿನ ಜೊತೆ ಮಾತಾಡ್ತಿದ್ರು. ಆಮೇಲೆ ನಂಗೂ ಅದೇ ಸುಲಭ ಆಯ್ತು."

ಬಾಗಿಲು ತೋರಿಸಿದೆ. ಅವರು ಎದ್ದು ಹೋದರು. ನನಗೆ ಅಳು ಬಂದಿತ್ತು, ಆದರೆ ಕಣ್ಣೀರು ಹೊಪ್ಪಳಿಕೆಯ ಮೇಲೆ ಹರಿದರೆ ಉರಿಯುತ್ತದೆಂದು ತಡೆದುಕೊಂಡೆ. ಮೊಣಕಾಲವರೆಗೆ ಬೆಳಕು ತುಂಬಿಕೊಂಡ ಆ ಕೋಣೆಯನ್ನು ನೆನೆಸಿಕೊಂಡರೆ ಇನ್ನೊಂದು ಕಡೆ, ಸದ್ಯ ಅಲ್ಲಿಗೆ ಹೋಗಲಿಲ್ಲವಲ್ಲ ಅನ್ನಿಸುತ್ತಿತ್ತು. ಅವರನ್ನು ಪೂರ್ತಿ ಬೈಯಲೂ ಆಗದ ಹಾಗೆ ಮಾಡಿಟ್ಟಿದ್ದರು. ಅದೇ ನನಗೆ ಜಾಸ್ತಿ ಸಿಟ್ಟು. ಅಮ್ಮ ಹಿಟ್ಟಿನ ಡಬ್ಬ ಹೊತ್ತು ಬಂದಾಗ ನಾನು ಅವಳಿಗೆ ಏನನ್ನೂ ಹೇಳಲಿಲ್ಲ.

ಮೂರು ದಿನ ಕಳೆದು ಸೋಮವಾರ ಎಂಟಕ್ಕೆ ಗಂಟೆ ಕೇಳಿಸಿತು. ಬೆಳಕಿಲ್ಲದ ಹಿತ್ತಲಿನಲ್ಲಿ ಗಂಟೆ ಯಾಕೆ ಎಂದು ನಾನು ಹಿಂಬಾಗಿಲಿಗೆ ಬಂದೆ. ಅಮ್ಮ ಅಲ್ಲೇ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಗೋಡೆಯಾಚೆ ಹದಿನಾರು ಹೆಂಗಸರು ಎರಡು ಸಾಲಿನಲ್ಲಿ ನಿಂತಿದ್ದರು. ಸರ್ವಮಂಗಳಮ್ಮ ಬಾವಿಕಟ್ಟೆಯ ಮೇಲೆ ಹತ್ತಿದ್ದರು.

"ಇಷ್ಟು ದಿನ ನೀವು ಮುಖ ತೊಳೆದ ಬೆಳಕು ಎಲ್ಲಿಂದ ಬರ್ತಿತ್ತು?"

"ಕಂಡಿಯಿಂದ," ಎಂದಳು ಪುಟ್ಟಲಿಂಗಮ್ಮ.

"ಕಂಡಿಗೆ ಎಲ್ಲಿಂದ?"

ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಯೋಚಿಸುವ ಮನಸ್ಸಿರಲಿಲ್ಲ.

"ರುದ್ರಾಣಿ ಮುಖದಿಂದ. ಅವಳ ಮುಖದ ಮೇಲೆ ಬಿದ್ದು, ಅಲ್ಲಿಂದ ಜಾರಿ, ನೆಲಕ್ಕೆ ಬಂದ ಬೆಳಕು. ಅದನ್ನ ಐದು ವಾರ ನೀವು ಬೊಗಸೇಲಿ ತಗೊಂಡು ಕೆನ್ನೆಗೆ ಹಚ್ಕೊಂಡ್ರಿ. ನಾನೂ ಹಚ್ಕೊಂಡೆ."

ಮೊದಲ ಸಾಲಿನಲ್ಲಿ ಒಬ್ಬಳ ಕೈ ಮೆಲ್ಲಗೆ ಕೆನ್ನೆಗೆ ಹೋಯಿತು. ಎರಡನೆಯ ಸಾಲಿನಲ್ಲಿ ನಾಲ್ಕು ಕೈ.

"ದೇವೀರಮ್ಮ, ನಿಂಗೇನಾದ್ರೂ ಅಂಟಿದ್ಯಾ?"

"ಇಲ್ಲ ಟೀಚರ್. ಇದ್ದಿದ್ದೂ ಹೋಯ್ತು."

"ಪುಟ್ಟಲಿಂಗಮ್ಮ?"

"ಇಲ್ಲ ಟೀಚರ್."

ಹದಿನಾರು ಹೆಸರನ್ನೂ ಕರೆದರು. ಹದಿನಾರು ಜನವೂ ಇಲ್ಲವೆಂದರು. ಆಮೇಲೆ ಅವರು ಹೇಳಿದರು: "ಅದು ಅಂಟು ಅಂತ ಹನ್ನೊಂದು ವರ್ಷದ ಹಿಂದೆ ಹೇಳಿದೋಳು ನಾನು. ಸುಳ್ಳು ಹೇಳಿದ್ದೆ. ಯಾಕೆ ಹೇಳಿದೆ ಅನ್ನೋದು ನನ್ನ ಅವಳ ಮಧ್ಯದ ಮಾತು. ಸುಳ್ಳು ಅನ್ನೋದು ನಿಮ್ಮೆಲ್ಲರ ಮಾತು. ಮನೆಗೆ ಹೋಗಿ ಮೂರು ಮೂರು ಜನಕ್ಕೆ ಹೇಳಿ. ನಾಳೆ ಒಪ್ಪಿಸ್ಬೇಕು."

ದೇವೀರಮ್ಮ ನೆಲ ನೋಡುತ್ತ ನಿಂತಿದ್ದಳು. "ಹಂಗಾರೆ ನಾವು ಇಷ್ಟು ವರ್ಷ ಆ ಹುಡುಗಿಗೆ ಸುಮ್ ಸುಮ್ನೆ ಹೆದ್ರುಕೊಂಡಿದ್ವಾ?"

"ಹೌದು."

"ನಿಮ್ ಮಾತು ನಂಬ್ಕೊಂಡು."

"ಹೌದು ದೇವೀರಮ್ಮ."

ಪುಟ್ಟಲಿಂಗಮ್ಮ ಕೈ ಎತ್ತಿ, "ಟೀಚರ್, ಬೆಳಕು ಮತ್ತೆ ಯಾವಾಗಿಂದ?" ಎಂದಳು. ಸರ್ವಮಂಗಳಮ್ಮ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಮರುದಿನ ದೇವೀರಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಹೊಸ ಬಟ್ಟೆ ಮಾತ್ರ ಇತ್ತು. ಅಂಗಡಿಯ ಮಧ್ಯ ಬಂದು ಎರಡೂ ಕೈ ಅಗಲಿಸಿ ನಿಂತಳು. "ಅಳ್ತೆ ತಗಳವ್ವ," ಎಂದಳು. ನಾನು ಟೇಪು ಹುಡುಕಬೇಕಾಯಿತು. ಸುತ್ತಿ ನೋಡಿದರೆ ಎದೆ ಸುತ್ತಳತೆ ನಾನು ಹೊಲಿಯುತ್ತ ಬಂದದ್ದಕ್ಕಿಂತ ಐದು ಇಂಚು ಜಾಸ್ತಿ. ಆ ವಾರ ಬಂದವರದ್ದೆಲ್ಲ ಅದೇ ಕಥೆ. ಹನ್ನೊಂದು ವರ್ಷದ ಹಿಂದಿನ ರವಿಕೆಯ ಅಳತೆಗೇ ಹೊಲಿಸಿಕೊಂಡು ಊರಿನ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಓಡಾಡಿಕೊಂಡಿದ್ದರು. ಹೊಸ ರವಿಕೆ ತೊಟ್ಟ ಪುಟ್ಟಲಿಂಗಮ್ಮ ಒಂದು ಸಲ ದೊಡ್ಡದಾಗಿ ಉಸಿರೆಳೆದು, ಗಿರಣಿಯ ಸದ್ದೂ ಕಡಿಮೆಯಾದ ಹಾಗಿದೆ ಎಂದಳು.

ಡಾಕ್ಟರ ಹತ್ತಿರ ಮತ್ತೆ ಹೋದೆ. ಅವರು ನನ್ನ ಕೆನ್ನೆ ನೋಡಿ, "ಎಷ್ಟು ನಿಮಿಷ?" ಎಂದು ಮಾತ್ರ ಕೇಳಿದರು. ಎರಡು ವಾರ ಏನೂ ಬೇಡವೆಂದು, ಚರ್ಮ ತಣ್ಣಗಾದ ಮೇಲೆ ಹತ್ತೇ ನಿಮಿಷದಿಂದ ಶುರು ಮಾಡಿಸಿದರು. ಈಗ ಮೂರು ತಿಂಗಳು ದಾಟಿದೆ. ಮೊಡವೆ ಅರ್ಧಕ್ಕೆ ಇಳಿದಿದೆ, ಬರುವವೂ ಮೊದಲಿನಷ್ಟು ಕೆರಳುವುದಿಲ್ಲ. ಹಳೆಯ ಗುಳಿಗಳು ಹಾಗೇ ಇವೆ. ಕಂಡಿಯ ವಿಷಯದಲ್ಲಿ ಸಣ್ಣೀರಪ್ಪ ಬಂದು, ಬೆಳಕು ಆಚೆ ಹರಿಯಲು ಎರಡೂ ಕಡೆಯವರು ಒಪ್ಪಿದ್ದಾರೆಂದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ನಾನು ಸಹಿ ಹಾಕಿದೆ. ಸರ್ವಮಂಗಳಮ್ಮನನ್ನು ಕ್ಷಮಿಸಿದೆಯಾ ಎಂದು ಕೇಳಿದರೆ ಗೊತ್ತಿಲ್ಲ. ಒಂದೊಂದು ದಿನ ಕ್ಷಮಿಸಿರುತ್ತೇನೆ. ಮಾರನೆಯ ದಿನ ಸೂಜಿಗೆ ದಾರ ಪೋಣಿಸುವಾಗ ಮತ್ತೆ ಸಿಟ್ಟು ಬಂದಿರುತ್ತದೆ.

ಅಮ್ಮ ಆ ಸೋಮವಾರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಕ್ಕಿ ಹಸನು ಮಾಡುವುದನ್ನು ಮುಗಿಸಿ ಎದ್ದವಳು ಹದಿನೈದು ದಿನ ಆ ವಿಷಯ ಎತ್ತಲಿಲ್ಲ. ಒಂದು ಮಧ್ಯಾಹ್ನ ಮೂರು ಗಂಟೆಗೆ ಎದ್ದು, ಮುಖ ತೊಳೆದು, ಬಿಗಿಯಾಗಿ ತುರುಬು ಕಟ್ಟಿ, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಎಲ್ಲಿಗೆ ಎಂದೆ. "ಪಕ್ಕದ ಮನೆಗೆ. ಬೈಯೋದಿದೆ," ಎಂದಳು. ನನಗೆ ಗಾಬರಿಯಾಯಿತು. ಯಂತ್ರ ನಿಲ್ಲಿಸಿ ಕಿವಿಗೊಟ್ಟು ಕುಳಿತೆ. ಅಮ್ಮನ ದನಿ ನೇರವಾಗಿ ಕೇಳಿಸಿತು, ಒಂದೇ ಸಮನೆ, ಒಂದು ಗಂಟೆ. ನಡುವೆ ಸರ್ವಮಂಗಳಮ್ಮನ ದನಿ ಒಂದೆರಡು ಸಲ. ಆಮೇಲೆ ಲೋಟದ ಸದ್ದು. ಮತ್ತೆ ಅಮ್ಮನ ದನಿ. ದೀಪ ಹಚ್ಚುವ ಹೊತ್ತಿಗೆ ಅವಳು ಗಂಟಲು ಕಟ್ಟಿಸಿಕೊಂಡು ವಾಪಸು ಬಂದಳು.

"ಎಲ್ಲ ಹೇಳ್ದ್ಯಾ?" ಎಂದು ಕೇಳಿದೆ.

ಅಮ್ಮ ಗೋಡೆ ಹಿಡಿದು ಕುಳಿತು ಕಾಲು ಚಾಚಿದಳು. "ಎಲ್ಲಿ ಆಯ್ತು? ಹನ್ನೊಂದು ವರ್ಷದ್ದರಲ್ಲಿ ಇನ್ನೂ ನಾಕನೇ ವರ್ಷದಲ್ಲಿದೀನಿ. ನಾಳೆ ಮೂರಕ್ಕೆ ಬನ್ನಿ ಅಂದವ್ರೆ," ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕಾಫಿಗೆ ಸಕ್ರೇನೇ ಹಾಕಲ್ಲ ಆ ಯಮ್ಮ. ಅದನ್ನೂ ಹೇಳ್ಬೇಕು," ಎಂದಳು.